ಯಾರ್ಕ್‌ಷೈರ್ ಪುಡಿಂಗ್: ಮೈಕ್ರೋವೇವ್ ಸಂದೇಶದ ಬಗ್ಗೆ ಸ್ಪಷ್ಟನೆ

‘ಓವನ್ ಬೇಡ, ಮೈಕ್ರೋವೇವ್‌ನಲ್ಲೇ 3 ನಿಮಿಷದಲ್ಲಿ ಗರಿಗರಿ ಯಾರ್ಕ್‌ಷೈರ್ ಪುಡಿಂಗ್’ ಎಂಬ ಸಂದೇಶ ಹರಿದಾಡುತ್ತಿದೆ. ನಾನೂ ಅದನ್ನು ಹಂಚಿದ್ದೆ. ಅದು ತಪ್ಪು, ಕ್ಷಮಿಸಿ.

ಇಂಗ್ಲೆಂಡಿನ ಭಾನುವಾರದ ಊಟದ ಈ ತಿನಿಸಿಗೆ ಮೊಟ್ಟೆ, ಹಾಲು, ಮೈದಾ ಕಲಸಿದ ತೆಳು ಹಿಟ್ಟು ಸಾಕು, ಸೋಡಾ ಬೇಕಿಲ್ಲ. ಸುಮಾರು 220 ಡಿಗ್ರಿ ಸೆಲ್ಸಿಯಸ್ ಓವನ್‌ನಲ್ಲಿ ಚೆನ್ನಾಗಿ ಕಾದ ಕೊಬ್ಬಿಗೆ ಹಿಟ್ಟು ಸುರಿದಾಗ ಒಳಗಿನ ಹಬೆ ಅದನ್ನು ಉಬ್ಬಿಸುತ್ತದೆ. ಸುತ್ತಲಿನ ಒಣ ಶಾಖ ಅಂಚನ್ನು ಕೆಂಪಗೆ ಗಟ್ಟಿಯಾಗಿಸಿ ಆ ಉಬ್ಬನ್ನು ಹಿಡಿದಿಡುತ್ತದೆ. ಮೈಕ್ರೋವೇವ್ ಮುಖ್ಯವಾಗಿ ನೀರಿನಂಶವನ್ನು ಕಾಯಿಸುತ್ತದೆ. ಹೊರಮೈ 100 ಡಿಗ್ರಿಯ ಆಸುಪಾಸಿನಲ್ಲೇ ಉಳಿಯುವುದರಿಂದ ಬಣ್ಣ ಬರುವುದಿಲ್ಲ. ಉಬ್ಬಿದ್ದೂ ಕುಸಿದು ತೊಗಲಿನಂತಾಗುತ್ತದೆ. ಹಬೆಯಲ್ಲಿ ಬೇಯುವ, ಕೇಕಿನಂಥ ಮೆತ್ತನೆಯ ಸ್ಪಾಂಜ್ ಪುಡಿಂಗ್ ಮಾತ್ರ ಮೈಕ್ರೋವೇವ್‌ಗೆ ಚೆನ್ನಾಗಿ ಒಗ್ಗುತ್ತದೆ. ಗೊಂದಲ ಬಹುಶಃ ಅಲ್ಲಿಂದ ಹುಟ್ಟಿರಬೇಕು.

ದಯವಿಟ್ಟು ಆ ಸಂದೇಶವನ್ನು ಇನ್ನು ಯಾರಿಗೂ ಕಳುಹಿಸಬೇಡಿ.