ಹಳೆ ಬೋಟಿನ ಎಂಜಿನ್ ಬದಲಿಸಿದರೆ 30% ಸಹಾಯಧನವೇ?

‘ಬೋಟಿಗೆ ಬ್ಯಾಟರಿ ಎಂಜಿನ್ ಹಾಕಿಸಿ, ಕೇಂದ್ರದಿಂದ 30% ಹಣ ಪಡೆಯಿರಿ’ ಎಂಬ ವಾಟ್ಸ್ಆ್ಯಪ್ ಸಂದೇಶ ತಪ್ಪು. ಹಾಗೆಂದು ಪೂರಾ ಕಟ್ಟುಕಥೆಯೂ ಅಲ್ಲ. ಯಾವುದೋ ಯೋಜನೆಯ ಅಂಕಿ ಇನ್ನೆಲ್ಲೋ ಅಂಟಿಕೊಂಡಿದೆ.

2016ರ ಹಡಗು ನಿರ್ಮಾಣ ನೆರವು ನೀತಿಗೆ 2023ರಲ್ಲಿ ಸೇರಿದ ದರವದು. ಆ ನೀತಿಯಲ್ಲಿ ಮೆಥನಾಲ್, ಅಮೋನಿಯಾ ಇಂಧನ ಅಥವಾ ಹೈಡ್ರೋಜನ್ ಫ್ಯುಯೆಲ್ ಸೆಲ್‌ನಿಂದ (ಹೈಡ್ರೋಜನ್‌ನಿಂದ ವಿದ್ಯುತ್ ತಯಾರಿಸುವ ಸಾಧನ) ಓಡುವ ಹಡಗಿಗೆ 30% ಇತ್ತು. ಬ್ಯಾಟರಿ ಅಥವಾ ಹೈಬ್ರಿಡ್ ಆದರೆ 20% ಮಾತ್ರ ಇತ್ತು. ಅದೂ ಭಾರತದ ಶಿಪ್‌ಯಾರ್ಡಿನಲ್ಲಿ (ಹಡಗು ಕಟ್ಟುವ ಕಾರ್ಖಾನೆ) ಹೊಸದಾಗಿ ಕಟ್ಟಿದ ಹಡಗಿಗೆ. ಎಂಜಿನ್ ಬದಲಾವಣೆಗೆ ಅಲ್ಲ.

ದುಡ್ಡು ಸೇರುವುದು ಹಡಗಿನ ಮಾಲೀಕರಿಗಲ್ಲ, ಕಟ್ಟಿದ ಶಿಪ್‌ಯಾರ್ಡಿಗೆ. ಆ ನೀತಿಯಲ್ಲಿ ಅದೂ ಹಡಗು ಒಪ್ಪಿಸಿದ ಬಳಿಕ ಸೇರುತ್ತಿತ್ತು. ಹೀಗಿರುವಾಗ ಸಹಾಯಧನ ಕೊಡಿಸುತ್ತೇನೆಂದು ‘ನೋಂದಣಿ ಶುಲ್ಕ’ ಕೇಳುವ ಏಜೆಂಟನಿಗೆ ಇಲ್ಲೇನು ಕೆಲಸ?