ಬ್ಯಾಡ್ಜ್ ಅಳೆಯದ ವಿಕಿರಣ
ವಿಕಿರಣ ಅಳೆಯಲು ಎದೆಗೆ ಸಿಕ್ಕಿಸಿದ ಬ್ಯಾಡ್ಜ್ ಒಂದಿದ್ದರೆ ಯುರೇನಿಯಂ ಗಣಿ ಕಾರ್ಮಿಕರ ವಿಕಿರಣದ ಲೆಕ್ಕ ಸಿಕ್ಕಂತೆಯೇ ಎಂಬ ಲೇಖನವೊಂದರ ಮಾತನ್ನು ನಾನು ಒಪ್ಪಲಾರೆ. ಆ ಬ್ಯಾಡ್ಜ್ ಮುಖ್ಯವಾಗಿ ಅಳೆಯುವುದು ಹೊರಗಿನಿಂದ ತಾಗುವ ಗಾಮಾ ಕಿರಣಗಳನ್ನು. ಉಸಿರಿನೊಡನೆ ಒಳಸೇರಿ ಶ್ವಾಸಕೋಶದ ಕ್ಯಾನ್ಸರ್‌ಗೆ ದಾರಿಮಾಡುವ, ಯುರೇನಿಯಂ ಅದಿರಿನಿಂದ ಹೊರಬರುವ ರೇಡಾನ್ ಅನಿಲದಿಂದ ಹುಟ್ಟಿದ ಪೊಲೋನಿಯಂನಂತಹ ವಿಕಿರಣಶೀಲ ಕಣಗಳ ಆಲ್ಫಾ ವಿಕಿರಣ ಅದರ ಲೆಕ್ಕಕ್ಕೇ ಸಿಗುವುದಿಲ್ಲ. ಆದ್ದರಿಂದ ಪ್ರತಿ ಸುರಂಗದ ಗಾಳಿಯಲ್ಲಿ ಇವು ಎಷ್ಟಿವೆಯೆಂದು ಅಳೆದು, ಯಾರು ಎಲ್ಲಿ ಎಷ್ಟು ಹೊತ್ತು ದುಡಿದರೆಂಬುದನ್ನು ಆಯಾ ಪಾಳಿಯಲ್ಲೇ ಬರೆದಿಡಬೇಕು; ಫ್ಯಾನ್ ಕೆಟ್ಟು ಗಾಳಿಯಾಟ ನಿಂತ ಹೊತ್ತಿನ ದಾಖಲೆಯಂತೂ ತಪ್ಪಲೇಬಾರದು. ಕಾರ್ಮಿಕರಿಗೆ ತಾಗಬಹುದಾದ ವಿಕಿರಣಕ್ಕೆ ಇರುವ ವರ್ಷಕ್ಕೆ 20 ಮಿಲಿಸೀವರ್ಟ್ (ದೇಹಕ್ಕೆ ತಾಗಿದ ವಿಕಿರಣವನ್ನು ಅಳೆಯುವ ಮಾನ) ಎಂಬ ಮಿತಿ 5 ವರ್ಷಗಳ ಸರಾಸರಿಯಾಗಿರುವುದರಿಂದ, ಗುತ್ತಿಗೆ ಕಾರ್ಮಿಕರು ಗಣಿ ಬದಲಿಸಿದಾಗ ಹಳೆಯ ದಾಖಲೆಯೂ ಜೊತೆಗೆ ಹೋಗಬೇಕು. ಕಾರ್ಮಿಕರಿಗೆ 75 ವರ್ಷ ತುಂಬುವವರೆಗೂ, ಜೊತೆಗೆ ಕೆಲಸ ಬಿಟ್ಟ ಮೇಲೆ ಕನಿಷ್ಠ 30 ವರ್ಷವೂ ಅದನ್ನು ಕಾಪಾಡಬೇಕೆಂದು ಅಂತರರಾಷ್ಟ್ರೀಯ ಪರಮಾಣು ಶಕ್ತಿ ಸಂಸ್ಥೆಯ ಮಾನದಂಡವೇ ಹೇಳುತ್ತದೆ.