ಕಿರುಚಿತ್ರ ಬೇರೆ, ಪೂರ್ಣ ಚಿತ್ರ ಬೇರೆ
ಕಾಲೇಜು ವಿದ್ಯಾರ್ಥಿಗಳಿಗೆ ಕಿರುಚಿತ್ರವೇ ಸಾಕು, ಪೂರ್ಣಪ್ರಮಾಣದ ಚಿತ್ರ ದುಂದುವೆಚ್ಚ ಎಂಬ ವಾದವನ್ನು ನಾನು ಒಪ್ಪುವುದಿಲ್ಲ. 5 ನಿಮಿಷದ ಚಿತ್ರವನ್ನು ಒಂದು ಹಗಲಿನಲ್ಲಿ ಮುಗಿಸಬಹುದು. 90 ನಿಮಿಷದ್ದಕ್ಕೆ ವಾರಗಟ್ಟಲೆ ಬೇಕು. ಕಲಿಕೆ ಇರುವುದೇ ಆ ವಾರಗಳಲ್ಲಿ. ಬಾಗಿಲು ತೆರೆಯುವುದನ್ನು ಇಂದು ಚಿತ್ರೀಕರಿಸಿ, ಒಳಗೆ ಕಾಲಿಡುವುದನ್ನು 20 ದಿನ ಬಿಟ್ಟು ತೆಗೆಯುವಾಗ ನಟನ ಗಡ್ಡ, ಅಂಗಿಯ ಗುಂಡಿ, ಕಿಟಕಿಯ ಬೆಳಕು ಎಲ್ಲವೂ ಹೊಂದಬೇಕು. ಕಂಟಿನ್ಯುಟಿ ಎಂಬ ಪದವನ್ನು ಪರೀಕ್ಷೆಯಲ್ಲಿ ಬರೆದು ಬಂದವರಿಗೆ ಅದರ ಬಿಸಿ ತಟ್ಟುವುದು ಆಗಲೇ. ಇನ್ನು ಧ್ವನಿ! ಖಾಲಿ ಕೋಣೆಯ ಮೌನವನ್ನೂ ಅರ್ಧ ನಿಮಿಷ ದಾಖಲಿಸಿಕೊಳ್ಳದಿದ್ದರೆ ಸಂಕಲನದ ವೇಳೆ ಮಾತುಗಳ ನಡುವೆ ತೂತು ಬೀಳುತ್ತದೆ (ನಾನೂ ಒಮ್ಮೆ ಮರೆತು ಪೇಚಾಡಿದ್ದೇನೆ). ನನ್ನ ತಕರಾರು ಒಂದೇ: ಎಲ್ಲರೂ ನಿರ್ದೇಶಕರಾಗಲು ಹೊರಟರೆ ಮೈಕ್ ಹಿಡಿಯುವವರು ಯಾರು?